ಹೊಸ ಕೋಚ್ ಬಂದ್ರು, ಆಟ ಬದಲಾಯ್ತು, ಪಟ್ಟಿನೂ ಬದಲಾಯ್ತು. ನಮ್ಮಂಥ ಊರಿಗೆ ಇದು ಸರಿನಾ?

ಹೊಳೆದಂಡೆ
ಮೊದಲೇ ಹೇಳ್ಬಿಡ್ತೀನಿ, ತಂಡದ ಹೆಸರು, ಕೋಚ್ ಹೆಸರು, ಹುಡುಗರ ಹೆಸರು ಯಾರೂ ಹಾಕ್ಬೇಡಿ. ಗೊತ್ತಿರೋರಿಗೆ ಗೊತ್ತು.

ವಿಷ್ಯ ಇಷ್ಟು. ಶಿವಮೊಗ್ಗದ ನಮ್ಮ ಫುಟ್ಬಾಲ್ ತಂಡಕ್ಕೆ ಈ ಸಲ ಹೊಸ ಕೋಚ್ ಬಂದಿದ್ದಾರೆ. ಲೈಸೆನ್ಸ್ ಮಾಡ್ಕೊಂಡೋರು, ಓದ್ಕೊಂಡೋರು, ಅದ್ರಲ್ಲಿ ಎರಡು ಮಾತಿಲ್ಲ. ಬಂದವರೇ "ಇನ್ಮೇಲೆ ಗೋಲ್‌ಕಿಕ್ ಉದ್ದ ಎತ್ತಿ ಹೊಡೆಯೋ ಹಾಗಿಲ್ಲ. ಕೀಪರಿಂದ ಬ್ಯಾಕ್, ಬ್ಯಾಕಿಂದ ಮಿಡ್‌ಫೀಲ್ಡ್, ನೆಲದ ಮೇಲೇ ಕಟ್ಕೊಂಡು ಹೋಗ್ಬೇಕು" ಅಂದ್ರು. ಆಯ್ತಪ್ಪ ಅಂದ್ವಿ. ಆಮೇಲೆ ಟೂರ್ನಿಗೆ 18 ಜನರ ಪಟ್ಟಿ ಬಂತು ನೋಡಿ, ನಮ್ಮ ಸೆಂಟರ್ ಫಾರ್ವರ್ಡ್ ಹೆಸರೇ ಇಲ್ಲ! ಆರಡಿ ಆಳು. ಮಳೇಲಿ ಕಾರ್ನರ್ ಸಿಕ್ತು ಅಂದ್ರೆ ಎದುರಾಳಿ ಬ್ಯಾಕ್‌ಗಳ ಮುಖ ನೋಡ್ಬೇಕು ನೀವು. ಯಾಕೆ ಬಿಟ್ರಿ ಅಂದ್ರೆ "ಬಾಲ್ ಬಂದ್ರೆ ಹಿಡಿದು ನಿಲ್ಲಿಸಿ ಕೊಡಕ್ಕೆ ಬರಲ್ಲ, ಬಾಲ್ ಹೋದ್ರೆ ಹಿಂದೆ ಓಡಲ್ಲ."

ಹಳೇ ಕೀಪರ್‌ನೂ ಬೆಂಚಿಗೆ. ಅವನ ಜಾಗಕ್ಕೆ ಟರ್ಫಲ್ಲಿ ಆಡ್ಕೊಂಡಿದ್ದ ಒಬ್ಬ ಹುಡುಗ. ಕೈ ಸುಮಾರು, ಕಾಲು ಚೆನ್ನಾಗಿದೆ ಅಂತೆ! ಕೀಪರ್‌ಗೆ!! ಜೊತೆಗೆ ಭದ್ರಾವತಿಯಿಂದ ಮೂರು ಜನ.

ಇರೋ ಆಟಗಾರರನ್ನ ನೋಡ್ಕೊಂಡು ಆಟ ಹೂಡ್ಬೇಕಾ, ಇಲ್ಲಾ ಆಟ ಮೊದಲೇ ತೀರ್ಮಾನ ಮಾಡ್ಕೊಂಡು ಅದಕ್ಕೆ ಆಗೋ ಆಟಗಾರರನ್ನ ಹುಡುಕ್ಬೇಕಾ? ದುಡ್ಡಿರೋ ಕ್ಲಬ್ ಆದ್ರೆ ಎರಡನೇದು ನಡೀತದೆ. ನಮಗೆ ಬಾಲ್ ತಗೊಳ್ಳಕ್ಕೇ ಚಂದಾ ಎತ್ತಬೇಕು.

ಭದ್ರಾವತಿ ಬ್ಯಾಕ್
"ಜೊತೆಗೆ ಭದ್ರಾವತಿಯಿಂದ ಮೂರು ಜನ." ಇಡೀ ಪೋಸ್ಟಿನ ಹೊಟ್ಟೆಉರಿ ಈ ಒಂದು ಸಾಲಲ್ಲಿ ಇದೆ 😄 ಚೆನ್ನಾಗಿ ಆಡ್ತಾರೆ, ಕರ್ಕೊಂಡ್ರು. ಅದಕ್ಕೆಂತ?

ಹೊಳೆದಂಡೆ
@ಭದ್ರಾವತಿ ಬ್ಯಾಕ್ ಆಡ್ತಾರೆ, ಇಲ್ಲ ಅಂದಿಲ್ಲ. ಆದ್ರೆ ಬಸ್ಸಿನ ದುಡ್ಡು ನಾವೇ ಕೊಡ್ತಿರೋದು ಮಾರಾಯ.

ಆಗುಂಬೆ ಕೊಡೆ
ಜುಲೈಲಿ ನೆಲದ ಮೇಲೆ ಪಾಸಾ? ಬನ್ನಿ ನಮ್ಮೂರಿಗೆ, ವಾಟರ್ ಪೋಲೋ ತಂಡ ಕಟ್ಟೋಣ.

ಕಂಠೀರವ ಮೆಟ್ಟಿಲು
ನಾನು ಸಾಗರದವನು, ಈಗ ಬೆಂಗಳೂರಲ್ಲಿದ್ದೀನಿ, ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಮ್ಯಾಚ್ ತಪ್ಪಿಸಲ್ಲ. ಕೋಚ್ ಬಂದ ಹಿಂದೆಯೇ ಅವರ ಆಟಗಾರರೂ ಬರೋದು ಭದ್ರಾವತಿ-ಶಿವಮೊಗ್ಗದ ಜಗಳ ಅಲ್ಲ, ಎಲ್ಲ ಕಡೆ ಇರೋದೇ.

ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಕೋಚ್ ಆಗಿದ್ದ ಸೆರ್ಜಿಯೋ ಲೊಬೆರಾ ಅವರನ್ನೇ ತಗೊಳ್ಳಿ. ಎಫ್‌ಸಿ ಗೋವಾದಲ್ಲಿ ಇದ್ದಾಗ ಬಾಲ್ ಇಟ್ಕೊಂಡು ಆಡೋ ಆಟ, ಮುಂದೆ ಗೋಲು ಹೊಡೆಯಕ್ಕೆ ಕೋರೋ, ಅಂದ್ರೆ ಕೋರೋಮಿನಾಸ್. 2017-18, 2018-19 ಎರಡೂ ಸೀಸನ್ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಅವರಿಗೇ. ಲೊಬೆರಾ 2020ರಲ್ಲಿ ಮುಂಬೈ ಸಿಟಿಗೆ ಹೋದ್ರು. ಹೋಗ್ತಾ ಯಾರ್‍ಯಾರು ಹೋದ್ರು ಗೊತ್ತಾ? ಅಹ್ಮದ್ ಜಾಹು, ಮುರ್ತದಾ ಫಾಲ್, ಹ್ಯೂಗೋ ಬೂಮೂಸ್, ಮಂದಾರ್ ರಾವ್ ದೇಸಾಯಿ. ನಾಲ್ಕೂ ಗೋವಾದವರೇ. ಆ ಸೀಸನ್ನಲ್ಲೇ ಮುಂಬೈ ಲೀಗ್ ಶೀಲ್ಡ್ (ಪಾಯಿಂಟ್ ಪಟ್ಟಿಲಿ ಮೊದಲು), ಕಪ್ (ಫೈನಲ್ ಗೆದ್ದೋರಿಗೆ) ಎರಡೂ ಗೆಲ್ತು. ಆಮೇಲೆ ಒಡಿಶಾಗೆ ಹೋದಾಗ ಮತ್ತೆ ಜಾಹು, ಮತ್ತೆ ಫಾಲ್.

ಯಾಕೆ ಅಂದ್ರೆ ಈ ಥರದ ಆಟ ಬಾಯಲ್ಲಿ ಹೇಳಿ ಕಲಿಸಕ್ಕೆ ತಿಂಗಳುಗಟ್ಟಲೆ ಬೇಕು. ಜಾಹು ಹಿಂದೆ ನಿಂತು ಬಾಲ್ ತಗೊಂಡ ಅಂದ್ರೆ ಮಿಕ್ಕ ಹತ್ತು ಜನಕ್ಕೆ ಎಲ್ಲಿಗೆ ಓಡ್ಬೇಕು ಅಂತ ಗೊತ್ತಿರ್ಬೇಕು. ಆ ಭಾಷೆ ಬರೋ ಇಬ್ಬರು ಮೂವರು ಮೈದಾನದಲ್ಲಿದ್ರೆ ಉಳಿದವರು ಅವರನ್ನ ನೋಡಿ ಕಲೀತಾರೆ. ನಿಮ್ಮ ಕೋಚ್‌ಗೆ ಆ ಮೂವರು ಭದ್ರಾವತಿ ಹುಡುಗರು ಅದೇ ಲೆಕ್ಕ ಅನ್ಸುತ್ತೆ.

ಭದ್ರಾವತಿ ಬ್ಯಾಕ್
ನೋಡಿ! ಓದಿರೋರು ಹೇಳಿದ್ರು. ನಾನು ಹೇಳಿದ್ರೆ ಹೊಟ್ಟೆಉರಿ ಅಂತೀರ.

ಅಡಿಕೆ ಚೇಣಿ
ಇಲ್ಲಿ ಹೊಟ್ಟೆಉರಿ ಅಂದಿದ್ದೇ ನೀವು.

ರಿಟೈರ್ಡ್ ಪಿ.ಟಿ. ಮೇಷ್ಟ್ರು
ಪ್ರಶ್ನೆ ಒಳ್ಳೆಯದಿದೆ. ಆದರೆ ಎಲ್ಲರೂ ಸೆಂಟರ್ ಫಾರ್ವರ್ಡ್ ಹಿಂದೆಯೇ ಬಿದ್ದಿದ್ದೀರಿ. ನೆಲದ ಆಟಕ್ಕೆ ಬದಲಾಗುವ ಕೋಚ್ ಮೊದಲು ಬದಲಾಯಿಸುವುದು ಕೀಪರ್ ಮತ್ತು ಇಬ್ಬರು ಸೈಡ್ ಬ್ಯಾಕ್‌ಗಳನ್ನು. ಅಲ್ಲಿಂದಲೇ ದಾಳಿ ಶುರುವಾಗುವುದು. ಕೀಪರ್ ಕಾಲಿನ ಬಗ್ಗೆ ಹೊಳೆದಂಡೆಯವರು ಎರಡು ಆಶ್ಚರ್ಯಸೂಚಕ ಹಾಕಿ ನಗಾಡಿದ್ದಾರೆ. 1992ರಲ್ಲಿ ಬ್ಯಾಕ್ ಪಾಸನ್ನು ಕೀಪರ್ ಕೈಯಲ್ಲಿ ಹಿಡಿಯಬಾರದು ಎಂದು ನಿಯಮ ಬಂದ ಮೇಲೆ ಕೀಪರ್ ಕಾಲಿಗೆ ಬೆಲೆ ಬಂತು. 2019ರಿಂದ ಗೋಲ್‌ಕಿಕ್ಕನ್ನು ಪೆನಾಲ್ಟಿ ಬಾಕ್ಸ್ ಒಳಗೇ ನಿಂತ ಬ್ಯಾಕ್ ತೆಗೆದುಕೊಳ್ಳಬಹುದು. ಅದಕ್ಕೆ ಮುಂಚೆ ಬಾಲ್ ಬಾಕ್ಸ್ ದಾಟಲೇಬೇಕಿತ್ತು. ಈ ಎರಡು ನಿಯಮಗಳು ಸೇರಿ ಕೀಪರ್‌ನನ್ನು ಹನ್ನೊಂದನೇ ಆಟಗಾರ ಮಾಡಿದವು.

ಮ್ಯಾಂಚೆಸ್ಟರ್ ಸಿಟಿಗೆ ಗಾರ್ಡಿಯೋಲಾ ಕೋಚ್ ಆಗಿ ಬಂದಾಗ ಇಂಗ್ಲೆಂಡ್ ತಂಡದ ಕೀಪರ್ ಜೋ ಹಾರ್ಟ್ ಅವರನ್ನೇ ಹೊರಗಿಟ್ಟು ಎಡೆರ್ಸನ್ ಅವರನ್ನು ತಂದರು. ಗೋಲು ತಡೆಯಲು ಬಾರದ ಕೀಪರ್ ಅಲ್ಲ ಹಾರ್ಟ್. ಕಾಲಲ್ಲಿ ಆಡಲು ಬರುತ್ತಿರಲಿಲ್ಲ, ಅಷ್ಟೇ.

ಲೆಫ್ಟ್ ಔಟ್
ಮೇಷ್ಟ್ರೇ, ಮಧ್ಯೆ ಒಬ್ಬರು ಬಿಟ್ಟುಹೋದ್ರು. 2016ರಲ್ಲಿ ಹಾರ್ಟ್ ಜಾಗಕ್ಕೆ ಬಂದಿದ್ದು ಬಾರ್ಸಿಲೋನಾದ ಕ್ಲಾಡಿಯೋ ಬ್ರಾವೋ. ಎಡೆರ್ಸನ್ ಬಂದಿದ್ದು 2017ಕ್ಕೆ. ಬ್ರಾವೋಗೆ ಕಾಲೂ ಇತ್ತು, ಹೆಸರೂ ಇತ್ತು, ಆದ್ರೂ ಆ ವರ್ಷ ಹೊಡೆದ ಬಾಲೆಲ್ಲ ಒಳಗೆ ಹೋಗೋದು. ಅಂದ್ರೆ ಕಾಲೊಂದು ಚೆನ್ನಾಗಿದ್ರೆ ಸಾಲಲ್ಲ ಅನ್ನೋದಕ್ಕೂ ಗಾರ್ಡಿಯೋಲಾ ತಂಡವೇ ಉದಾಹರಣೆ. ಹೊಳೆದಂಡೆ ಹೇಳ್ತಿರೋ "ಕೈ ಸುಮಾರು" ಹುಡುಗ ಬ್ರಾವೋ ಆಗ್ತಾನಾ ಎಡೆರ್ಸನ್ ಆಗ್ತಾನಾ ಅಂತ ನೋಡ್ಬೇಕು.

ರಿಟೈರ್ಡ್ ಪಿ.ಟಿ. ಮೇಷ್ಟ್ರು
ಬ್ರಾವೋ ಸೇರಿಸಿದರೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. ಒಬ್ಬ ಕೈಕೊಟ್ಟ, ಆದರೂ ಗಾರ್ಡಿಯೋಲಾ ಹಾರ್ಟ್‌ನನ್ನು ವಾಪಸ್ ಕರೆಯಲಿಲ್ಲ. ಅದೇ ಜಾತಿಯ ಇನ್ನೊಬ್ಬ ಕೀಪರ್‌ನನ್ನು ತಂದ. 2017ರ ಬೇಸಿಗೆಯಲ್ಲಿ ಸೈಡ್ ಬ್ಯಾಕ್‌ಗಳ ಕಥೆಯೂ ಹಾಗೇ ಆಯಿತು. ಜಬಲೆಟಾ, ಸಾನ್ಯಾ, ಕ್ಲಿಶಿ, ಕೊಲಾರೋವ್ ನಾಲ್ವರೂ ಹೊರಗೆ. ವಾಕರ್, ಮೆಂಡಿ, ಡನಿಲೋ ಒಳಗೆ. ಮುಂದಿನ ಸೀಸನ್ನಿನಲ್ಲಿ 100 ಪಾಯಿಂಟ್.

ಹೊಳೆದಂಡೆ
ಮೇಷ್ಟ್ರೇ ನಿಮ್ಮ ಮಾತಿಗೆ ಎದುರಾಡಲ್ಲ, ಆದ್ರೆ ಆ ಮೂರು ಬ್ಯಾಕ್‌ಗಳಿಗೆ ಕೊಟ್ಟ ದುಡ್ಡಲ್ಲಿ ಇಡೀ ಜಿಲ್ಲೆಗೆ ಹುಲ್ಲಿನ ಮೈದಾನ ಮಾಡಿಸಬಹುದಿತ್ತು.

ಕೆಸರುಗದ್ದೆ
ಯಾರೂ ನೆಲದ ವಿಷ್ಯ ಮಾತಾಡ್ತಿಲ್ಲ. ನಾನು ಅವರ ಪ್ರಾಕ್ಟೀಸ್ ನೋಡಿದ್ದೀನಿ, ಹೇಳ್ತೀನಿ ಕೇಳಿ.

ಕೀಪರ್ ಹುಡುಗ ಬಾಲ್ ತಗೊಂಡು ಬಲಗಡೆ ಸ್ಟಾಪರ್‌ಗೆ (ಮಧ್ಯದ ಬ್ಯಾಕ್) ಕೊಟ್ಟ. ಒಳ್ಳೇ ಪಾಸೇ. ಸ್ಟಾಪರ್ ಮೈ ತೆರೆದು, ಬಲಗಾಲಲ್ಲಿ ತಗೊಂಡು, ಮುಂದೆ ನೋಡಿ ಸೈಡ್ ಬ್ಯಾಕ್‌ಗೆ ತಳ್ಳಿದ. ಬಾಲ್ ಹೋಗ್ತಾ ಹೋಗ್ತಾ ಕಾರ್ನರ್ ಹತ್ರ ತಗ್ಗಲ್ಲಿ ನೀರು ನಿಂತಿದ್ಯಲ್ಲ, ಅಲ್ಲಿ ಬಂದು ಪಚಕ್ ಅಂತ ನಿಂತೇ ಹೋಯ್ತು. ಎದುರುಗಡೆ ವಿಂಗರ್ ಎರಡು ಹೆಜ್ಜೆ ಇಟ್ಟ, ಎತ್ತಿದ, ಗೋಲು. ಕೋಚ್ ಸೀಟಿ ಊದಿ "ಪಾಸ್ ಸರಿ ಇತ್ತು, ಮತ್ತೆ ಮಾಡಿ" ಅಂದ್ರು. ಮತ್ತೆ ಮಾಡಿದ್ರು. ಮತ್ತೆ ಅದೇ ತಗ್ಗು.

ಆಚೆ ನಿಂತಿದ್ದ ನಮ್ಮ ಆರಡಿ ಫಾರ್ವರ್ಡ್ ಸೊಂಟದ ಮೇಲೆ ಕೈ ಇಟ್ಕೊಂಡು ನಗ್ತಿದ್ದ. ಅವನು ನಗಬಾರದಿತ್ತು, ಅದೂ ಹೌದು.

ಫೆಬ್ರವರಿಲಿ ಗಟ್ಟಿ ನೆಲದಲ್ಲಿ ಈ ಆಟ ಚಂದ. ಮಳೆ ಟೂರ್ನಿಗೆ ಇದೇ ಪಟ್ಟಿ ಇಟ್ಕೊಂಡು ಹೋದ್ರೆ ಬಾಲ್ ತಾನಾಗೇ ಎದುರಾಳಿ ಕಾಲಿಗೆ ಹೋಗ್ತದೆ.

ಕಂಠೀರವ ಮೆಟ್ಟಿಲು
ಹಾಗಾದ್ರೆ ಬಲಗಡೆ ತಗ್ಗು ಇದೆ ಅಂತ ಎಡಗಡೆಯಿಂದ ಕಟ್ಟಬಹುದಲ್ಲ 🙂

ಕೆಸರುಗದ್ದೆ
ಎಡಗಡೆ ಹಸು ಮೇಯ್ತಿರ್ತವೆ.

ಡಲ್ಲಾಸ್ ಶಿಮೊಗ್ಗ
ದುರ್ಗಿಗುಡಿಯಲ್ಲಿ ಬೆಳೆದವ, ಈಗ ಟೆಕ್ಸಾಸಲ್ಲಿ. ನೀವು ಮಾತಾಡ್ತಿರೋ ಆಟ ಬೇರೆ, ನಾನು ಈಗ ನೋಡೋದು ಇಲ್ಲಿಯ ಹೆಲ್ಮೆಟ್ ಹಾಕ್ಕೊಂಡು ಆಡೋ ಫುಟ್ಬಾಲ್. ಆದ್ರೆ ಈ ಪ್ರಶ್ನೆಗೆ ಅಲ್ಲೊಂದು ಪಾಠದಂಥ ಕಥೆ ಇದೆ.

ಚಿಪ್ ಕೆಲ್ಲಿ ಅಂತ ಒಬ್ಬ ಕೋಚ್. ಆರೆಗನ್ ಯೂನಿವರ್ಸಿಟಿಯಲ್ಲಿ ಗಾಳಿ ಥರ ಆಡಿಸೋನು, ಒಂದು ದಾಳಿ ಮುಗಿದ ತಕ್ಷಣ ಗುಂಪುಗೂಡಿ ಮಾತಾಡೋದೇ ಇಲ್ಲ, ಮುಂದಿನದು ಶುರು. 2013ರಲ್ಲಿ ಎನ್‌ಎಫ್‌ಎಲ್‌ನ (ಇಲ್ಲಿಯ ವೃತ್ತಿಪರ ಲೀಗ್) ಫಿಲಡೆಲ್ಫಿಯಾ ಈಗಲ್ಸ್‌ಗೆ ಬಂದ. ಇದ್ದ ಆಟಗಾರರನ್ನೇ ಇಟ್ಕೊಂಡು ಮೊದಲ ಸೀಸನ್ 10 ಗೆಲುವು, 6 ಸೋಲು. ಊರೆಲ್ಲ ಹೊಗಳ್ತು. ಆಮೇಲೆ ನನ್ನ ಪದ್ಧತಿಗೆ ಒಗ್ಗೋರೇ ಬೇಕು ಅಂತ ಶುರು ಮಾಡಿದ. 2014ರಲ್ಲಿ ಒಳ್ಳೇ ರಿಸೀವರ್ (ಎಸೆದ ಪಾಸ್ ಹಿಡಿಯೋನು) ಡಿಶಾನ್ ಜ್ಯಾಕ್ಸನ್‌ನ ಬಿಟ್ಟುಬಿಟ್ಟ. 2015ರಲ್ಲಿ ಆಟಗಾರರ ಆಯ್ಕೆ ಅಧಿಕಾರವೂ ಅವನ ಕೈಗೇ ಬಂತು. ಲೆಶಾನ್ ಮೆಕಾಯ್ ಅನ್ನೋ ತಂಡದ ದೊಡ್ಡ ರನ್ನಿಂಗ್ ಬ್ಯಾಕ್‌ನ (ಬಾಲ್ ಹಿಡಿದು ಓಡೋನು) ಬಫಲೋಗೆ ಕೊಟ್ಟು ಒಬ್ಬ ಡಿಫೆಂಡರ್ ತಂದ. ಮೆಕಾಯ್ ಜಾಗಕ್ಕೆ ನಮ್ಮ ಡಲ್ಲಾಸ್‌ನಿಂದ ಡಿಮಾರ್ಕೋ ಮರ್ರೇ.

ಈ ಮರ್ರೇ ಹಿಂದಿನ ವರ್ಷ ಡಲ್ಲಾಸ್‌ಗೆ 1,845 ಗಜ ಓಡಿದ್ದ, ಇಡೀ ಲೀಗಿಗೇ ಮೊದಲು. ಅವನು ಕ್ವಾರ್ಟರ್‌ಬ್ಯಾಕ್ (ಬಾಲ್ ತಗೊಂಡು ಪಾಸ್ ಎಸೆಯೋನು) ಹಿಂದೆ ದೂರ ನಿಂತು, ನೇರ ಓಡಿ ಬಂದು ಸಂದಿ ನೋಡಿ ನುಗ್ಗೋನು. ಕೆಲ್ಲಿ ಪದ್ಧತಿಯಲ್ಲಿ ಅವನನ್ನ ಕ್ವಾರ್ಟರ್‌ಬ್ಯಾಕ್ ಪಕ್ಕ ನಿಲ್ಲಿಸಿ ಅಡ್ಡ ಓಡು ಅಂದ್ರು. ವೇಗ ಹಿಡಿಯೋಕೇ ಜಾಗ ಇಲ್ಲ. ಆ ವರ್ಷ 702 ಗಜ. ಸೀಸನ್ನಿನ ಇನ್ನೊಂದು ಮ್ಯಾಚ್ ಬಾಕಿ ಇರುವಾಗಲೇ ಕೆಲ್ಲಿನ ಮನೆಗೆ ಕಳಿಸಿದ್ರು.

ಪದ್ಧತಿಗೆ ಅಂತ ಇದ್ದೋರನ್ನ ಓಡಿಸಿದ, ಆಮೇಲೆ ತಂದವನೂ ಪದ್ಧತಿಗೆ ಹೊಂದಲಿಲ್ಲ.

ಅಡಿಕೆ ಚೇಣಿ
ದುರ್ಗಿಗುಡಿ ಹುಡುಗನ ಬಾಯಲ್ಲಿ "ನಮ್ಮ ಡಲ್ಲಾಸ್" 😂

ಲೆಫ್ಟ್ ಔಟ್
ಆದ್ರೆ ಅಲ್ಲಿ ಸಂಬಳದ ಮಿತಿ ಇದೆ ಅಲ್ವಾ? ಸಿಟಿ ಥರ ಒಂದೇ ಬೇಸಿಗೇಲಿ ಮೂರು ಬ್ಯಾಕ್ ತರಕ್ಕೆ ಆಗಲ್ಲ.

ಡಲ್ಲಾಸ್ ಶಿಮೊಗ್ಗ
ಹೌದು. 53 ಜನರ ತಂಡ, ಒಟ್ಟು ಸಂಬಳಕ್ಕೆ ಮಿತಿ, 2025ರಲ್ಲಿ ಅದು 27.9 ಕೋಟಿ ಡಾಲರ್ ಆಸುಪಾಸು. ಹೊಸಬರು ಹೆಚ್ಚಾಗಿ ಡ್ರಾಫ್ಟಿನಿಂದ ಬರ್ತಾರೆ, ಅಂದ್ರೆ ಕಾಲೇಜು ಆಟಗಾರರನ್ನ ತಂಡಗಳು ಸರದಿ ಪ್ರಕಾರ ಆರಿಸೋದು, ವರ್ಷಕ್ಕೆ ಏಳು ಸುತ್ತು. ಅದಕ್ಕೇ ಅಲ್ಲಿ ಕೋಚ್ ಬದಲಾದ್ರೆ ತಂಡ ಪೂರ್ತಿ ಬದಲಾಗಕ್ಕೆ ಎರಡು ಮೂರು ವರ್ಷ ಬೇಕು, ಅಷ್ಟರಲ್ಲಿ ಎಷ್ಟೋ ಕೋಚ್‌ಗಳ ಕೆಲಸವೇ ಹೋಗಿರ್ತದೆ.

ಉಲ್ಟಾ ಉದಾಹರಣೆನೂ ಇದೆ. ಬಾಲ್ಟಿಮೋರ್ ರೇವನ್ಸ್ 2018ರ ಮೊದಲ ಸುತ್ತಿನ ಕೊನೇ ಪಿಕ್‌ನಲ್ಲಿ ಲಮಾರ್ ಜ್ಯಾಕ್ಸನ್‌ನ ತಗೊಂಡ್ರು. ಕ್ವಾರ್ಟರ್‌ಬ್ಯಾಕ್ ಆಗಿ ಓಡೋದ್ರಲ್ಲಿ ಅವನಂಥೋನು ಇನ್ನೊಬ್ಬ ಇರಲಿಲ್ಲ. ಇವನನ್ನ ನಿಂತು ಪಾಸ್ ಮಾಡೋನಾಗಿ ತಿದ್ದೋಣ ಅಂತ ಹೋಗಲಿಲ್ಲ. ಗ್ರೆಗ್ ರೋಮನ್ ಅನ್ನೋ ದಾಳಿ ಕೋಚ್ ಇಡೀ ಆಟವನ್ನೇ ಓಟದ ಸುತ್ತ ಕಟ್ಟಿದ, ಅದಕ್ಕೆ ತಕ್ಕ ಟೈಟ್ ಎಂಡ್‌ಗಳು (ಪಾಸೂ ಹಿಡಿದು, ಎದುರಾಳಿನೂ ತಡೆಯೋರು), ಬ್ಲಾಕ್ ಮಾಡೋರು. 2019ರಲ್ಲಿ 14 ಗೆಲುವು, 2 ಸೋಲು, ಇಡೀ ತಂಡ ಓಡಿದ್ದು 3,296 ಗಜ, ಒಂದು ಸೀಸನ್ನಿಗೆ ಅದೇ ದಾಖಲೆ.

ಹೊಳೆದಂಡೆ
ಇದೇ ಇದೇ! ನಾನು ಹೇಳ್ತಿರೋದೂ ಇದನ್ನೇ. ನಮ್ಮ ಆರಡಿ ಆಳಿನ ಸುತ್ತ ಆಟ ಕಟ್ಟಿ.

ಭದ್ರಾವತಿ ಬ್ಯಾಕ್
ಲಮಾರ್ ಜ್ಯಾಕ್ಸನ್ ಪ್ರಾಕ್ಟೀಸಿಗೆ ಬರ್ತಾನೆ ಗುರು.

ಕೆಸರುಗದ್ದೆ
ಹೂಂ. ಇದಕ್ಕೆ ಉತ್ತರ ಇಲ್ಲ ಹೊಳೆದಂಡೆ ಹತ್ರ.

ಮುಂಗಾರು ಮಿಡ್‌ಫೀಲ್ಡ್
ನಾನು ಕೋಚ್ ಪರ, ಆದ್ರೆ ಪೂರ್ತಿ ಅಲ್ಲ. ಪದ್ಧತಿ ಬದಲಾಯಿಸಿದ್ರೂ ಇದ್ದೋರನ್ನೇ ಬೇರೆ ಜಾಗದಲ್ಲಿ ನಿಲ್ಲಿಸಿ ಗೆದ್ದೋರು ಇದ್ದಾರೆ. 2016ರ ಸೆಪ್ಟೆಂಬರಲ್ಲಿ ಕಾಂಟೆ ಕೋಚ್ ಆಗಿದ್ದ ಚೆಲ್ಸಿ ಆರ್ಸೆನಲ್ ಹತ್ರ 3-0 ಸೋತ್ರು. ಅಲ್ಲಿಂದ ಹಿಂದೆ ಮೂರು ಬ್ಯಾಕ್ ಇಟ್ಟು ಆಡಿಸಿದ. ವಿಕ್ಟರ್ ಮೋಸೆಸ್ ಅಂತ ವಿಂಗರ್, ವರ್ಷಗಟ್ಟಲೆ ಲೋನಲ್ಲಿ ಊರೂರು ಸುತ್ತಿದ್ದ, ಅವನನ್ನ ಬಲಗಡೆ ವಿಂಗ್‌ಬ್ಯಾಕ್ (ಇಡೀ ಬದಿ ಮುಂದೆ ಹಿಂದೆ ಓಡೋನು) ಮಾಡಿದ. ಸೈಡ್ ಬ್ಯಾಕ್ ಆಗಿದ್ದ ಆಜ್ಪಿಲಿಕ್ವೆಟಾನ ಒಳಗೆ ಸ್ಟಾಪರ್ ಮಾಡಿದ. ಸತತ 13 ಲೀಗ್ ಗೆಲುವು, ಆ ವರ್ಷದ ಪ್ರೀಮಿಯರ್ ಲೀಗೂ ಅವರದ್ದೇ.

ಇನ್ನೊಂದು ಕಡೆ ಅಮೋರಿಮ್. 2024ರ ನವೆಂಬರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ, ಅವನಿಗೂ ಹಿಂದೆ ಮೂರೇ ಬೇಕು. ತಂಡದಲ್ಲಿ ಎಡಗಡೆ ನಿಜವಾದ ವಿಂಗ್‌ಬ್ಯಾಕ್ ಒಬ್ಬನೂ ಇಲ್ಲ. ಫೆಬ್ರವರಿ ಶುರುವಲ್ಲಿ ಲೆಚೆಯಿಂದ ಡೋರ್ಗು ಬಂದ, ಆದ್ರೂ ಲೀಗಲ್ಲಿ 15ನೇ ಸ್ಥಾನ. ಮುಂದಿನ ಬೇಸಿಗೇಲಿ ಕುನ್ಯಾ, ಎಂಬೂಮೋ, ಷೆಶ್ಕೋ ಅಂತ ಪೂರ್ತಿ ಹೊಸ ಮುಂಪಡೆ ಕೊಂಡ್ರು. ಸೀಸನ್ ಮಧ್ಯ ಬಂದ ಕೋಚ್ ತನ್ನ ಪದ್ಧತಿಗೆ ಅಂಟ್ಕೊಂಡ್ರೆ ಆ ಸೀಸನ್ ಹೋಯ್ತು ಅಂತ ತಿಳ್ಕೊಬೇಕು.

ಕಾಂಟೆಗೂ ಅಮೋರಿಮ್‌ಗೂ ವ್ಯತ್ಯಾಸ ಅಂದ್ರೆ ಕಾಂಟೆ ಮೊದಲು ತನ್ನ ಹತ್ರ ಏನಿದೆ ಅಂತ ಎಣಿಸಿದ.

ರಾಶಿ ಇಡಿ
ಯುನೈಟೆಡ್ ಫ್ಯಾನ್ಸ್‌ನ ಇಲ್ಲಿಗೂ ಕರ್ಕೊಂಡು ಬರ್ಬೇಡಿ ದಯವಿಟ್ಟು, ಥ್ರೆಡ್ ಮುಗಿಯಲ್ಲ.

ಲೆಫ್ಟ್‌ವಿಂಗ್ ಅಕ್ಕ
ನೀವೆಲ್ಲ 18 ಜನರನ್ನ ಆರಿಸೋ ಕಷ್ಟ ಹೇಳ್ಕೊತಿದ್ದೀರ. ನಾವು ಹುಡುಗಿಯರ ತಂಡ ಕಟ್ಟಕ್ಕೆ ಹೋದಾಗ ಪಟ್ಟಿ ಮಾಡ್ತಿದ್ದಿದ್ದು ಕೋಚ್ ಅಲ್ಲ, ಮನೆಯವರು. ಯಾರಿಗೆ ಸಂಜೆ ಆರರ ನಂತರ ಬಿಡ್ತಾರೆ, ಯಾರಿಗೆ ಪಿಯುಸಿ ಟ್ಯೂಷನ್, ಯಾರ ಮನೇಲಿ ಶಾರ್ಟ್ಸ್ ಬೇಡ. ಇಷ್ಟೆಲ್ಲ ಜರಡಿ ಹಿಡಿದು ಉಳಿದೋರೇ ತಂಡ. ನಮ್ಮ ಕೋಚ್ ಬಾಲ್ ಗೆದ್ದ ತಕ್ಷಣ ಮೂರೇ ಪಾಸಲ್ಲಿ ಮುಂದಕ್ಕೆ ಹೋಗೋ ಆಟ ಕಲಿಸಿದ್ರು, ಯಾಕಂದ್ರೆ ನಮ್ಮಲ್ಲಿ ಓಡೋರು ಜಾಸ್ತಿ ಇದ್ರು, ಕಬಡ್ಡಿ-ಖೋಖೋ ಆಡಿ ಬಂದೋರು. ತಿರುಗೋ ವೇಗ ಆ ಹುಡುಗಿಯರಿಗೆ ಹುಟ್ಟಾ ಬಂದಿತ್ತು. ಅವರಿಗೆ ನಿಂತು ನಿಂತು ಪಾಸ್ ಮಾಡಿ ಅಂದಿದ್ರೆ ಬೇಜಾರಾಗಿ ಬಿಟ್ಟು ಹೋಗ್ತಿದ್ರು.

ಮುಂಗಾರು ಮಿಡ್‌ಫೀಲ್ಡ್
ಈ ಥ್ರೆಡ್ಡಲ್ಲಿ ಇದುವರೆಗಿನ ಒಳ್ಳೇ ಉತ್ತರ.

ರಿಟೈರ್ಡ್ ಪಿ.ಟಿ. ಮೇಷ್ಟ್ರು
ಒಪ್ಪಿದೆ. ಆದರೆ ಅಕ್ಕ ಹೇಳಿದ್ದರಲ್ಲಿ ಇನ್ನೊಂದು ಅಂಶ ಅಡಗಿದೆ. ಅವರ ಹುಡುಗಿಯರು ಎಳೆಯರು, ಏನು ಕಲಿಸಿದರೂ ಹಿಡಿಯುತ್ತಾರೆ. ಹಣ್ಣಾದ ಅಡಿಕೆ ಗೊನೆ ಇಳಿಸಿ ಅದರಲ್ಲಿ ಸರಕು (ಎಳೆ ಕಾಯಿಯಿಂದ ಮಾಡುವ ಅಡಿಕೆ) ಮಾಡುತ್ತೇನೆ ಅಂದರೆ ಆಗುತ್ತದೆಯೇ? ಇಪ್ಪತ್ತೆಂಟು ವರ್ಷದ ಸೆಂಟರ್ ಫಾರ್ವರ್ಡ್‌ಗೆ ಈಗ ಪ್ರೆಸ್ಸಿಂಗ್ (ಎದುರಾಳಿಯ ಮೇಲೆ ನುಗ್ಗಿ ಬಾಲ್ ಕಿತ್ತುಕೊಳ್ಳುವುದು) ಕಲಿಸುವುದಕ್ಕಿಂತ ಹದಿನಾರರ ಹುಡುಗನಿಗೆ ಕಲಿಸುವುದು ಸುಲಭ. ಕೋಚ್ ಈ ಸೀಸನ್ನಿಗೆ ತಂಡ ಕಟ್ಟುತ್ತಿದ್ದಾರೋ ಮೂರು ವರ್ಷಕ್ಕೋ ಅನ್ನುವುದನ್ನು ಮೊದಲು ಕೇಳಿ.

ಹೊಳೆದಂಡೆ
ಕೇಳಿದ್ವಿ. ಮೂರು ವರ್ಷ ಅಂದ್ರು. ಮೂರು ವರ್ಷ ಆದ್ಮೇಲೆ ಆ ಹದಿನಾರರ ಹುಡುಗ ಎಲ್ಲಿರ್ತಾನೆ ಹೇಳಿ? ಬೆಂಗಳೂರಲ್ಲಿ ಇಂಜಿನಿಯರಿಂಗ್. ಮಲೆನಾಡಲ್ಲಿ ಕಾಲು ನೆಟ್ಟಗಾದ ಹುಡುಗ ಇಲ್ಲಿ ಉಳಿಯಲ್ಲ. ಇಪ್ಪತ್ತೆಂಟರವನು ಉಳಿದಿದ್ದಾನೆ, ಅಂಗಡಿ ಇಟ್ಕೊಂಡು ಇಲ್ಲೇ ಇರ್ತಾನೆ.

ಅಡಿಕೆ ಚೇಣಿ
ಅದೂ ಅಕ್ಟೋಬರ್ ಬಂದ್ರೆ ಅಡಿಕೆ ಕೊಯ್ಲು ಶುರು, ಅರ್ಧ ತಂಡ ತೋಟದಲ್ಲಿ. ಕೊನೆಗಾರ (ಮರ ಹತ್ತಿ ಗೊನೆ ಇಳಿಸೋನು) ಸಿಗದ ವರ್ಷ ನಮ್ಮ ಲೆಫ್ಟ್ ಬ್ಯಾಕ್‌ನೇ ಮರ ಹತ್ತಿಸಿದ್ರು, ಸೆಮಿಫೈನಲ್ ದಿನ! ಪದ್ಧತಿ ಗಿದ್ಧತಿ ಎಲ್ಲ ಜನ ಬಂದ್ರೆ ತಾನೆ.

ಡಲ್ಲಾಸ್ ಶಿಮೊಗ್ಗ
ಲೆಫ್ಟ್ ಬ್ಯಾಕ್ ಮರ ಹತ್ತಿದ್ದಾನೆ. ಈ ಇಂಜುರಿ ರಿಪೋರ್ಟ್ ಎನ್‌ಎಫ್‌ಎಲ್‌ನಲ್ಲಿ ನೋಡಿಲ್ಲ 😂

ಕಂಠೀರವ ಮೆಟ್ಟಿಲು
ಉದ್ದ ಬಾಲ್ ಆಟ ಅಂದ್ರೆ ಕೀಳು ಅಂತ ಯಾರೂ ಅನ್ಕೋಬೇಡಿ. ಖಾಲಿದ್ ಜಮೀಲ್ 2025ರಲ್ಲಿ ಭಾರತ ತಂಡದ ಕೋಚ್ ಆದ್ರು. ಅವರು ಐಜ್ವಾಲ್ ಎಫ್‌ಸಿಗೆ 2016-17ರಲ್ಲಿ ಐ-ಲೀಗ್ ಗೆದ್ದುಕೊಟ್ರು. ಐಜ್ವಾಲ್ ನಮ್ಮ ಹಾಗೇ ಬೆಟ್ಟದ ಊರು, ನಮ್ಮ ಹಾಗೇ ಮಳೆ, ಬಜೆಟ್ಟು ದೊಡ್ಡ ಕ್ಲಬ್‌ಗಳ ಮುಂದೆ ಏನೂ ಅಲ್ಲ. ಹಿಂದಿನ ವರ್ಷ ಕೆಳಗಿನ ಡಿವಿಜನ್‌ಗೆ ಬಿದ್ದು, ಮತ್ತೆ ಸೇರಿಸ್ಕೊಂಡಿದ್ದ ತಂಡ ಅದು. ಜಮೀಲ್ ಅಲ್ಲಿಯ ಮಿಜೋ ಹುಡುಗರ ಓಟ ಇಟ್ಕೊಂಡ್ರು, ತಾವು ಮುಂಬೈ ಎಫ್‌ಸಿಯಲ್ಲಿ ಆಡಿಸಿದ್ದ ಅಶುತೋಷ್ ಮೆಹ್ತಾ, ಜಯೇಶ್ ರಾಣೆ ಅಂಥವರನ್ನ ಸೇರಿಸಿದ್ರು. ಹಿಂದೆ ಗಟ್ಟಿ, ಬಾಲ್ ಸಿಕ್ಕಿದ್ರೆ ನೇರ ಮುಂದಕ್ಕೆ.

ಅಂದ್ರೆ ಜಮೀಲ್‌ಗೂ ಪದ್ಧತಿ ಇತ್ತು, ಅವರೂ ತಮ್ಮವರನ್ನ ತಂದ್ರು. ಪಾಸ್ ಆಟದವರು ಮಾತ್ರ ಫಿಲಾಸಫಿ ಇಟ್ಕೊಂಡೋರು, ಉಳಿದವರು ಸುಮ್ನೆ ಒದೆಯೋರು ಅನ್ನೋದು ಈಗಿನ ಮೊಬೈಲ್ ಕೋಚ್‌ಗಳ ಧಿಮಾಕು.

ರಾಶಿ ಇಡಿ
ಕೊನೇ ಸಾಲಿಗೆ ಚಪ್ಪಾಳೆ.

ಲೆಫ್ಟ್ ಔಟ್
ತಲೆ ಆಟದ ವಿಷ್ಯ ಬಂದಿದ್ದಕ್ಕೆ: 2018-19ರ ಐಎಸ್‌ಎಲ್ ಫೈನಲ್ ನೆನಪಿದ್ಯಾ? ಕುವಾಡ್ರಾತ್‌ನ ಬಿಎಫ್‌ಸಿ, ಎದುರಿಗೆ ಲೊಬೆರಾನ ಗೋವಾ. ಗೋವಾ ಪಾಸ್ ಮಾಡಿದ್ದೇ ಮಾಡಿದ್ದು. ಎಕ್ಸ್‌ಟ್ರಾ ಟೈಮಲ್ಲಿ 117ನೇ ನಿಮಿಷ ಒಂದು ಕಾರ್ನರ್, ರಾಹುಲ್ ಭೇಕೆ ತಲೆ, ಕಪ್ ಬೆಂಗಳೂರಿಗೆ. 2025ರ ಸೆಮಿಫೈನಲ್ಲೂ ಗೋವಾ ಮೇಲೇನೇ, ಕೊನೇ ಗಳಿಗೇಲಿ ಛೆಟ್ರಿ ತಲೆ. ಜರಗೋಜಾ ಬಾಲ್ ಇಟ್ಕೊಂಡು ಆಡಿಸೋ ಕೋಚೇ, ಆದ್ರೂ ಬಾಗಿಲು ತೆಗೆದಿದ್ದು ಹೆಡರ್.

ಕೆಸರುಗದ್ದೆ
ಛೆಟ್ರಿ ಎತ್ತರ ಎಷ್ಟು? ಐದಡಿ ಏಳಿಂಚು. ಎತ್ತರ ಬೇಡ, ಯಾವಾಗ ಹಾರ್ಬೇಕು ಅಂತ ಗೊತ್ತಿರ್ಬೇಕು. ಭದ್ರಾವತಿ ಹುಡುಗರಲ್ಲಿ ಒಬ್ಬನಿಗೆ ಗೊತ್ತು, ನಾನು ನೋಡಿದ್ದೀನಿ.

ಭದ್ರಾವತಿ ಬ್ಯಾಕ್
ಥ್ಯಾಂಕ್ಸ್. ವಿಐಎಸ್‌ಎಲ್ (ಉಕ್ಕಿನ ಕಾರ್ಖಾನೆ), ಎಂಪಿಎಂ (ಕಾಗದದ ಕಾರ್ಖಾನೆ) ಎರಡೂ ಜೋರಾಗಿದ್ದ ಕಾಲದಲ್ಲಿ ನಮ್ಮ ಕಾಲೋನಿ ಹುಡುಗರು ಶಿಫ್ಟ್ ಸೈರನ್ ಆದ ಮೇಲೆ ಆಡಕ್ಕೆ ಇಳಿದ್ರೆ ಕತ್ತಲಾದ್ರೂ ಬಿಡ್ತಿರಲಿಲ್ಲ. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಸ್ವಾಮಿ ಇದು.

ಹೊಳೆದಂಡೆ
ವಿಶ್ವನಾಥ್ ಕ್ರಿಕೆಟ್ ಆಡಿದ್ದು.

ಭದ್ರಾವತಿ ಬ್ಯಾಕ್
ಸ್ಕ್ವೇರ್ ಕಟ್ ಮಾಡ್ದೋನಿಗೆ ಸ್ಕ್ವೇರ್ ಪಾಸ್ ಏನ್ ದೊಡ್ಡದು?

ಮುಂಗಾರು ಮಿಡ್‌ಫೀಲ್ಡ್
🤦 ಸರಿ, ವಿಷ್ಯಕ್ಕೆ ಬರೋಣ. ಹೊಳೆದಂಡೆ, ಗಾರ್ಡಿಯೋಲಾ ದೊಡ್ಡ ಸ್ಟ್ರೈಕರ್‌ನ ತಂದಿದ್ದಕ್ಕೆ ಎರಡು ಉದಾಹರಣೆ ಕೊಡ್ತೀನಿ. 2009ರಲ್ಲಿ ಬಾರ್ಸಿಲೋನಾಗೆ ಇಬ್ರಾಹಿಮೋವಿಚ್, ಅದಕ್ಕೆ ಎಟೋನ ಕೊಟ್ಟು ಮೇಲೆ ದುಡ್ಡೂ ಕೊಟ್ರು. ಮೆಸ್ಸಿಗೆ ಮಧ್ಯದಲ್ಲಿ ಆಡ್ಬೇಕಿತ್ತು, ಆ ಜಾಗದಲ್ಲಿ ಇವನು ನಿಂತಿದ್ದ. ಒಂದೇ ಸೀಸನ್, ಮಿಲಾನ್‌ಗೆ ಲೋನ್. 2022ರಲ್ಲಿ ಸಿಟಿಗೆ ಹಾಲಂಡ್. ಲೀಗಲ್ಲಿ 36 ಗೋಲಿನ ದಾಖಲೆ, ಆ ವರ್ಷ ಮೂರೂ ಕಪ್. ಹಾಲಂಡ್‌ಗೆ ಜಾಗ ಮಾಡಕ್ಕೆ ಗಾರ್ಡಿಯೋಲಾ ಹಿಂದಿನ ಸಾಲನ್ನೂ ಬದಲಾಯಿಸಿದ. ಸ್ಟೋನ್ಸ್ ಹಿಂದಿಂದ ಮಿಡ್‌ಫೀಲ್ಡಿಗೆ ಬಂದ, ಕಾನ್ಸೆಲೋ ಜನವರಿಲಿ ಹೊರಗೆ ಹೋದ.

ಹಾಗಾಗಿ ನಿಮ್ಮ ಕೋಚ್‌ನ ಕೇಳಬೇಕಾದ್ದು "ಇವನನ್ನ ಯಾಕೆ ಬಿಟ್ರಿ" ಅಂತ ಅಲ್ಲ. "ಇವನನ್ನ ಇಟ್ಕೊಂಡ್ರೆ ಹಿಂದೆ ಯಾರನ್ನ ಬದಲಾಯಿಸ್ಬೇಕಾಗ್ತದೆ" ಅಂತ. ಆರಡಿ ಆಳಿಗೆ ಬಾಲ್ ತಲುಪಿಸಕ್ಕೆ ಕ್ರಾಸ್ ಹಾಕೋ ಇಬ್ಬರು ವಿಂಗರ್ ಬೇಕು. ಅವರಿಬ್ಬರೂ ಮುಂದೆ ಇದ್ರೆ ಮಧ್ಯೆ ಒಬ್ಬ ಕಮ್ಮಿ. ಮಧ್ಯೆ ಒಬ್ಬ ಕಮ್ಮಿ ಆದ್ರೆ ಕೀಪರಿಂದ ಕಟ್ಟೋ ಆಟವೇ ಇಲ್ಲ. ಒಂದು ಹೆಸರು ಸೇರಿಸಿದ್ರೆ ನಾಲ್ಕು ಜಾಗ ಅಲ್ಲಾಡ್ತದೆ.

ಹೊಳೆದಂಡೆ
ಇದು ಯೋಚ್ನೆ ಮಾಡೋ ಮಾತು. ಆದ್ರೂ 18 ಜನರಲ್ಲಿ ಒಬ್ಬನಾಗಿ ಬೆಂಚಲ್ಲಿ ಇಟ್ಕೊಂಡ್ರೆ ನಷ್ಟ ಎಂತ? ಐದು ಸಬ್‌ಸ್ಟಿಟ್ಯೂಟ್ ಇರೋ ಕಾಲ. ಕೊನೇ ಇಪ್ಪತ್ತು ನಿಮಿಷ, ಮಳೆ, ಒಂದು ಗೋಲು ಹಿಂದೆ. ಆಗ ಯಾರನ್ನ ಇಳಿಸ್ತೀರ? ಕಾಲು ಚೆನ್ನಾಗಿರೋ ಕೀಪರ್‌ನ?

ರಿಟೈರ್ಡ್ ಪಿ.ಟಿ. ಮೇಷ್ಟ್ರು
ಬೆಂಚಿನ ವಾದ ನನಗೂ ಸರಿ ಅನ್ನಿಸುತ್ತದೆ. ಲೊಬೆರಾ ಹೋದಲ್ಲೆಲ್ಲ ಮುರ್ತದಾ ಫಾಲ್ ಇದ್ದರಲ್ಲ, ಆತ ಬ್ಯಾಕ್ ಆಗಿದ್ದುಕೊಂಡೇ ಕಾರ್ನರ್, ಫ್ರೀಕಿಕ್‌ಗಳಲ್ಲಿ ತಲೆಯಿಂದ ಎಷ್ಟು ಗೋಲು ಹೊಡೆದಿದ್ದಾರೆ ನೋಡಿ. ಪಾಸ್ ಆಟದ ಕೋಚ್ ಕೂಡ ಎತ್ತರದ ಒಬ್ಬನನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ನಿಮ್ಮ ಹುಡುಗನನ್ನು ಸ್ಟಾಪರ್ ಆಗಿ ಆಡಿಸಿ ನೋಡಲಿ. ಆದರೆ ಅವನು ಸೊಂಟದ ಮೇಲಿನ ಕೈ ತೆಗೆದು ಪ್ರಾಕ್ಟೀಸಿಗೆ ಇಳಿಯಬೇಕು.

ಕೆಸರುಗದ್ದೆ
ಸ್ಟಾಪರ್ ಆಗಿ ಅವನು?? ಮೇಷ್ಟ್ರೇ ಅವನು ತಿರುಗೋ ಹೊತ್ತಿಗೆ ಜೋಗದಲ್ಲಿ ನೀರು ನಿಂತಿರ್ತದೆ.

ಲೆಫ್ಟ್‌ವಿಂಗ್ ಅಕ್ಕ
ಅವನನ್ನೇ ಯಾರಾದ್ರೂ ಕೇಳಿದ್ರಾ, ಅವನಿಗೆ ಏನು ಬೇಕು ಅಂತ?

ಹೊಳೆದಂಡೆ
ಕೇಳಿದೆ. "ಸ್ಟಾಪರ್ ಬೇಕಾದ್ರೂ ಆಡ್ತೀನಿ, ಆದ್ರೆ ಬೆಳಿಗ್ಗೆ ಐದೂವರೆಗೆ ಎದ್ದು ಕೋನ್ ಸುತ್ತ ಓಡಲ್ಲ" ಅಂತಾನೆ.

ಭದ್ರಾವತಿ ಬ್ಯಾಕ್
ಆಯ್ತು, ಕೇಸ್ ಕ್ಲೋಸ್.

ಹೊಳೆದಂಡೆ
ಏನ್ ಕ್ಲೋಸ್? ಪಟ್ಟಿ ಕೊಡಕ್ಕೆ ಶನಿವಾರದ ತನಕ ಟೈಮಿದೆ. ಹಳೇ ಕೀಪರ್‌ನಾದ್ರೂ ಶುರುವಿಂದ ಆಡಿಸಿ ಅಂತ ನಾಲ್ಕು ಜನ ಹೋಗಿ ಮಾತಾಡ್ತೀವಿ. ಒದ್ದೆ ಬಾಲ್ ಹಿಡಿಯಕ್ಕೆ ಕೈ ಬೇಕು, ಇದನ್ನ ಯಾವ ಫಿಲಾಸಫಿನೂ ಅಲ್ಲಗಳೆಯಲ್ಲ.

ಅಡಿಕೆ ಚೇಣಿ
ಫಿಲಾಸಫಿ ಬಿಡಿ, ಕೆಸರಿಗೆ ಉದ್ದ ಸ್ಟಡ್ ಬೂಟು ಶಿವಮೊಗ್ಗದಲ್ಲಿ ಎಲ್ಲಿ ಸಿಗ್ತದೆ? ಗಾಂಧಿ ಬಜಾರ್ ಪೂರ್ತಿ ಸುತ್ತಿದೆ, ಎಲ್ಲಾ ಟರ್ಫ್ ಬೂಟುಗಳೇ. ಅದು ಹಾಕ್ಕೊಂಡು ಇಳಿದ್ರೆ ಪಾಸ್ ಮಾಡೋದಿರ್ಲಿ, ನಿಲ್ಲಕ್ಕೂ ಆಗಲ್ಲ.

ಕಂಠೀರವ ಮೆಟ್ಟಿಲು
ಬೆಂಗಳೂರಲ್ಲಿ ಸಿಗ್ತದೆ. ಗುರುವಾರ ರಾತ್ರಿ ರೈಲಿಗೆ ಬರ್ತಿದ್ದೀನಿ, ಸೈಜ್ ಹೇಳಿ.

ಅಡಿಕೆ ಚೇಣಿ
ನಂದು 8. ತಮ್ಮನಿಗೆ ಒಂದು 9.

ಕೆಸರುಗದ್ದೆ
ನನಗೂ ಒಂದು 7. ದುಡ್ಡು ಬಂದ ಮೇಲೆ ಕೊಡ್ತೀನಿ.

ಕಂಠೀರವ ಮೆಟ್ಟಿಲು
ಯಾರ ದುಡ್ಡು ಬಂದ ಮೇಲೆ?